31ನೇ ಪುಟದ ಬಾವಿ

(ಬಳ್ಳಾರಿಯಲ್ಲಿ ಹೊಸ ಆರ್ಕಿಟೆಕ್ಟರು ಮತ್ತು ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ನನಗೆ ಬಂದ ಒಂದು ಇ-ಮೇಲ್ ಓದುತ್ತೇನೆ. ಕಳಿಸಿದವನನ್ನು ಕೇಳಿಯೇ ಓದುತ್ತಿದ್ದೇನೆ. 'ರೆಸ್ಪೆಕ್ಟೆಡ್ ಸರ್, ಐ ಆಮ್ ಎ ಫ್ರೆಶರ್ ಇನ್ ಆರ್ಕಿಟೆಕ್ಚರ್. ಪ್ಲೀಸ್ ಫೈಂಡ್ ಅಟ್ಯಾಚ್ಡ್ ಮೈ ಪೋರ್ಟ್‌ಫೋಲಿಯೊ. ಕೈಂಡ್ಲಿ ಡೂ ದಿ ನೀಡ್‌ಫುಲ್.' ಇಷ್ಟೇ. ಜೊತೆಗೆ 64 ಎಂಬಿ ತೂಕದ ಒಂದು ಪಿಡಿಎಫ್, ಅವನ ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸಗಳ ಚಿತ್ರಗಳ ಕಟ್ಟು.

ನನ್ನ ಕಚೇರಿ ಕೊಪ್ಪಳದಲ್ಲಿದೆ. ಆಗ ನಾವಿದ್ದದ್ದು ಮೂರೇ ಜನ. ಅಷ್ಟು ಸಣ್ಣ ಕಚೇರಿಗೂ ವಾರಕ್ಕೆ ಇಂಥ ಮೂರು ನಾಲ್ಕು ಬರುತ್ತವೆ. ಬೆಂಗಳೂರಿನ ಕಚೇರಿಗಳಿಗೆ ಎಷ್ಟು ಬರಬಹುದು, ನೀವೇ ಲೆಕ್ಕ ಹಾಕಿ. ಅವತ್ತು ಸೈಟಿಗೆ ಬರಬೇಕಾಗಿದ್ದ ಸಿಮೆಂಟ್ ಲಾರಿ ತಡವಾಯಿತು. ಕೂತಲ್ಲೇ ಪುಟ ತಿರುವುತ್ತಾ ಹೋದೆ. ಮೊದಲ ಮೂವತ್ತು ಪುಟದಲ್ಲಿ ಏರ್‌ಪೋರ್ಟು, ಮ್ಯೂಸಿಯಂ, ಕಂಪ್ಯೂಟರಿನಲ್ಲಿ ಮಾಡಿದ ಸಂಜೆ ಬೆಳಕಿನ ಚಿತ್ರಗಳು, ಅಂದರೆ ರೆಂಡರುಗಳು. 31ನೇ ಪುಟದಲ್ಲಿ ಒಂದು ಬಾವಿ. ಮಾನ್ವಿ ಕಡೆಯ ಒಂದು ಹಳ್ಳಿಯ ಮೆಟ್ಟಿಲು ಬಾವಿ, ಪೆನ್ಸಿಲಿನಲ್ಲಿ ಬರೆದ ಸೆಕ್ಷನ್, ಅಂದರೆ ನಡುವೆ ಸೀಳಿದ ಹಾಗೆ ಒಳಗನ್ನು ತೋರಿಸೋ ಚಿತ್ರ. ಒಂದೊಂದು ಮೆಟ್ಟಿಲಿನ ಎತ್ತರವನ್ನೂ ಅಳೆದು ಬರೆದಿದ್ದ. ಏಳನೇ ಮೆಟ್ಟಿಲಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಇಲ್ಲಿ ಕೊಡ ಇಡ್ತಿದ್ರು, ಕಲ್ಲು ಸವೆದಿದೆ' ಅಂತ ಇತ್ತು. ನಾನು ಆ ಹುಡುಗನಿಗೆ ಫೋನ್ ಮಾಡಿದ್ದು ಆ ಸವೆದ ಕಲ್ಲಿಗಾಗಿ. ಈಗ ಅವನು ನಮ್ಮ ಕಚೇರಿಯಲ್ಲಿ ನಾಲ್ಕನೆಯವನು.

ಲಾರಿ ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಾನು ಆ ಪುಟದವರೆಗೆ ಹೋಗುತ್ತಿರಲಿಲ್ಲ. ಇವತ್ತು ನಾನು ಹೇಳಬೇಕಂತ ಬಂದಿರೋದು ಅದನ್ನೇ. ನಿಮಗೆ ಗೊತ್ತಿದ್ದು ಬೇರೆಯವರಿಗೆ ಗೊತ್ತಿಲ್ಲದ ಸಂಗತಿಯನ್ನು 31ನೇ ಪುಟದಲ್ಲಿ ಇಡಬೇಡಿ. ಆನ್‌ಲೈನ್‌ನಲ್ಲಿ ವೃತ್ತಿಯ ಬಳಗ ಕಟ್ಟಿಕೊಳ್ಳೋದು ಅಂದರೆ ನನ್ನ ಮಟ್ಟಿಗೆ ಆ ಬಾವಿಯನ್ನು ಮೊದಲ ಪುಟಕ್ಕೆ ತರೋದು.

ನಮ್ಮ ಊರುಗಳ ಸ್ಥಿತಿ ನಿಮಗೆ ಗೊತ್ತು. ಮನೆ ಕಟ್ಟಿಸೋರು ಮೊದಲು ಮೇಸ್ತ್ರಿ ಹತ್ತಿರ ಹೋಗುತ್ತಾರೆ, ಆಮೇಲೆ ವಾಸ್ತು ಹೇಳೋರ ಹತ್ತಿರ, ಆಮೇಲೆ ಪ್ಲ್ಯಾನ್ ಹಾಕಿಕೊಡೋ ಎಂಜಿನಿಯರ್ ಹತ್ತಿರ. ನಮ್ಮ ಹತ್ತಿರ ಬರೋದು ಎಲ್ಲ ಮುಗಿದು ಎಲಿವೇಷನ್, ಅಂದರೆ ಮುಂಭಾಗದ ನೋಟ ಮಾತ್ರ ಬೇಕಾದಾಗ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಇದೆಯಲ್ಲ, ಅದು ನಮ್ಮನ್ನು ಕಾಯೋದಿಲ್ಲವೇ ಅಂತ ನೀವು ಕೇಳಬಹುದು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಕಾಯ್ದೆಯ 37ನೇ ಕಲಂ ಕಾಯೋದು 'ಆರ್ಕಿಟೆಕ್ಟ್' ಅನ್ನೋ ಹೆಸರನ್ನು. ನೋಂದಣಿ ಇಲ್ಲದವರು ಆ ಹೆಸರು ಹಚ್ಚಿಕೊಳ್ಳುವಂತಿಲ್ಲ, ಆದರೆ ಕಟ್ಟಡದ ವಿನ್ಯಾಸ ಮಾಡದಂತೆ ಆ ಕಲಂ ಅವರನ್ನು ತಡೆಯೋದಿಲ್ಲ. ಅಂದ ಮೇಲೆ ನಮಗೆ ಏನು ಗೊತ್ತು ಅನ್ನೋದನ್ನು ನಾವೇ ಕಾಣುವಂತೆ ಮಾಡಬೇಕು. ಇನ್ನೊಂದು ಮಾತು, ಆರ್ಕಿಟೆಕ್ಟರನ್ನು ನೋಂದಾಯಿಸೋ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿ ಸಂಖ್ಯೆ ಕೈಗೆ ಬರೋವರೆಗೆ ಲಿಂಕ್ಡ್‌ಇನ್‌ನಲ್ಲಾಗಲಿ ಇನ್‌ಸ್ಟಾಗ್ರಾಮ್‌ನಲ್ಲಾಗಲಿ ಹೆಸರಿನ ಜೊತೆ ಆರ್ಕಿಟೆಕ್ಟ್ ಅಂತ ಹಾಕಬೇಡಿ. ಆ ಕಲಂ ನಮಗೂ ಅನ್ವಯಿಸುತ್ತೆ.

ನಾನು ಬೆಂಗಳೂರು ಬಿಟ್ಟು ಕೊಪ್ಪಳಕ್ಕೆ ವಾಪಸ್ ಬಂದಿದ್ದು 2011ರಲ್ಲಿ. ಏಳು ತಿಂಗಳು ಕೆಲಸ ಇರಲಿಲ್ಲ. ಕಟ್ಟುವವರೇ ಇಲ್ಲದ ಮನೆಗಳ ಚಿತ್ರ ಮಾಡಿ ಫೇಸ್‌ಬುಕ್‌ಗೆ ಹಾಕುತ್ತಿದ್ದೆ. ಲೈಕ್ ಒತ್ತಿದವರೆಲ್ಲ ನನ್ನ ಕ್ಲಾಸಿನವರು, ಅವರೂ ನನ್ನ ಹಾಗೇ ಕೆಲಸ ಹುಡುಕುತ್ತಿದ್ದವರು. ಅಷ್ಟರಲ್ಲಿ ಒಮ್ಮೆ ಯಲಬುರ್ಗಾ ತಾಲ್ಲೂಕಿನಲ್ಲಿ ಅಜ್ಜಿಯ ಮನೆಗೆ ಹೋದೆ. ಮಾಳಿಗೆ ಮನೆ, ಅಂದರೆ ಮೇಲೆ ಮಣ್ಣು ಹಾಕಿದ ಚಪ್ಪಟೆ ಸೂರಿನ ಮನೆ. ಬೇಸಿಗೆ ರಜೆಯೆಲ್ಲ ಆ ಪಡಸಾಲೆಯಲ್ಲಿ ಮಲಗಿ ಕಳೆದವಳು ನಾನು, ಆದರೆ ಅದರ ಗೋಡೆ ಎಷ್ಟು ದಪ್ಪ ಅಂತ ಗೊತ್ತಿರಲಿಲ್ಲ. ಟೇಪ್ ಹಿಡಿದೆ. ಎರಡೂವರೆ ಅಡಿ. ಕಂಬ, ಬೋದಿಗೆ, ತೊಲೆ, ಜಂತಿ, ಹೀಗೆ ಸೂರನ್ನು ಹೊರೋ ಭಾಗ ಒಂದೊಂದನ್ನೂ ಅಳೆದೆ. ಬೆಳಕಿಂಡಿಯಿಂದ ಬೀಳೋ ಬಿಸಿಲಿನ ತುಂಡು ಬೆಳಿಗ್ಗೆ ಹತ್ತಕ್ಕೆ ಬೀಸೋಕಲ್ಲಿನ ಮೇಲಿತ್ತು, ಮಧ್ಯಾಹ್ನಕ್ಕೆ ಅಡುಗೆಮನೆ ಹೊಸ್ತಿಲಿಗೆ ಬಂತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಾ ಹೋದೆ. ಮೂರು ಹಾಳೆ ಆಯಿತು. ಭಾಗಗಳಿಗೆ ಅಜ್ಜಿ ಏನಂತ ಕರೆಯುತ್ತಿದ್ದಳೋ ಅದೇ ಹೆಸರು ಬರೆದು ಹಾಕಿದೆ.

ಹತ್ತು ಹನ್ನೆರಡು ದಿನ ಆದ ಮೇಲೆ ಪುಣೆಯಿಂದ ಒಂದು ಮೆಸೇಜ್ ಬಂತು. ಹಳೆಯ ಕಟ್ಟಡಗಳ ಸಂರಕ್ಷಣೆ ಮಾಡುವ ಹಿರಿಯರೊಬ್ಬರು. ನನಗೆ ಅವರ ಗುರುತಿರಲಿಲ್ಲ, ನನ್ನ ಸೀನಿಯರ್ ಒಬ್ಬರ ಪರಿಚಯದವರು. ಜಂತಿಯ ಮೇಲೆ ಹಾಸಿರೋದು ಏನು, ಅದರ ಮೇಲೆ ಮಣ್ಣು ಎಷ್ಟು ಇಂಚು, ಮಳೆಗಾಲಕ್ಕೆ ಮುಂಚೆ ಏನು ಮಾಡುತ್ತಾರೆ ಅಂತ ಮೂರು ಪ್ರಶ್ನೆ. ಮೂರನೆಯದು ನನಗೆ ಗೊತ್ತಿರಲಿಲ್ಲ. ಅಜ್ಜಿಯನ್ನು ಕೇಳಿದೆ. 'ಮುಂಗಾರಿಗೆ ಮುಂಚೆ ಸವಳು ಮಣ್ಣು ತಂದು ಮ್ಯಾಲೆ ಹಾಕಿ ಬಡೀಬೇಕವ್ವಾ, ಇಲ್ಲಾಂದ್ರ ಸೋರತೈತಿ' ಅಂದಳು. ಸವಳು ಮಣ್ಣೇ ಯಾಕೆ? ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದಾಗ ಜೇಡಿಯ ಕಣಗಳು ಚದುರಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗೆ ಇಳಿಯೋದಿಲ್ಲ. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ಕೊಡೆ. ಇಷ್ಟನ್ನೂ ಬರೆದು, ನಾಲ್ಕು ಫೋಟೊ ಇಟ್ಟು ಕಳಿಸಿದೆ. ಒಂದು ವರ್ಷದ ಮೇಲೆ ಅವರಿಂದಲೇ ಒಂದು ಹಳೆ ವಾಡೆಯ, ಅಂದರೆ ದೊಡ್ಡ ಮನೆತನದ ಮನೆಯ, ಅಳತೆ ದಾಖಲೆ ಮಾಡೋ ಕೆಲಸ ಬಂತು. ನನ್ನ ಹೆಸರಿಗೆ ಬಂದ ಮೊದಲ ಫೀಸು ಅದು.

ಗುರುತಿಲ್ಲದವರಿಂದ ಕೆಲಸ ಬಂತಲ್ಲ, ಇದು ನನ್ನ ಅದೃಷ್ಟ ಅಂತ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ತಿಳಿಯಿತು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಲೇಖನವಿದೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಹೀಗೆ ಕೇಳಿದ್ದರು: ಸುದ್ದಿ ಕೊಟ್ಟವರನ್ನು ಆ ದಿನಗಳಲ್ಲಿ ನೀವು ಎಷ್ಟು ಸಲ ನೋಡುತ್ತಿದ್ದಿರಿ? ಆಗಾಗ ನೋಡುತ್ತಿದ್ದೆವು ಅಂದವರು ನೂರಕ್ಕೆ 17ರಷ್ಟು. ಯಾವಾಗಲೋ ಒಮ್ಮೆ ಅಂದವರು 56ರಷ್ಟು. ಅಪರೂಪಕ್ಕೆ ಅಂದವರು 28ರಷ್ಟು. ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಅದೂ ಹೆಚ್ಚುಕಡಿಮೆ ಇದನ್ನೇ ಹೇಳಿತು, ಒಂದು ತಿದ್ದುಪಡಿಯ ಜೊತೆ: ತೀರಾ ಹತ್ತಿರದವರೂ ಅಲ್ಲ, ತೀರಾ ದೂರದವರೂ ಅಲ್ಲ, ಇಬ್ಬರಿಗೂ ಗೊತ್ತಿರೋ ಕೆಲವರು ನಡುವೆ ಇರುವ ಸಡಿಲ ನಂಟು ಹೆಚ್ಚು ಕೆಲಸಕ್ಕೆ ಬರುತ್ತೆ. ಕಾರಣ ಸರಳ. ನಿಮ್ಮ ಹಾಸ್ಟೆಲ್ ಗೆಳೆಯನಿಗೆ ಗೊತ್ತಿರೋ ಸುದ್ದಿ ನಿಮಗೂ ಗೊತ್ತಿರುತ್ತೆ. ಪುಣೆಯಲ್ಲಿ ಕೂತವರಿಗೆ ಗೊತ್ತಿರೋದು ಬೇರೆ.

ಇದನ್ನು ಕೇಳಿ ಇವತ್ತು ರಾತ್ರಿ ಐನೂರು ಜನಕ್ಕೆ ಕನೆಕ್ಟ್ ಒತ್ತಬೇಡಿ. ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು, ಕೆಲವು ಹಳ್ಳಿಗಳಲ್ಲಿ ಈಗಲೂ ಇದೆ. ಇವತ್ತು ನಮ್ಮ ಮನೆಯವರು ನಿಮ್ಮ ಹೊಲದ ಕಳೆ ತೆಗೆಯೋದು, ನಮ್ಮ ಹೊಲಕ್ಕೆ ಆಳು ಬೇಕಾದ ದಿನ ನಿಮ್ಮ ಮನೆಯವರು ಬರೋದು. ಅದರಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಮೊದಲು ಹೋಗಿ ಬಗ್ಗಿ ಕೆಲಸ ಮಾಡಿದವರಿಗೆ ಮಾತ್ರ ಆಳು ಕೇಳೋ ಬಾಯಿ ಇರುತ್ತೆ. ನಾವು ಮಾತ್ರ ಲಿಂಕ್ಡ್‌ಇನ್‌ಗೆ ಹೋದ ದಿನವೇ ಆಳು ಕೇಳುತ್ತೇವೆ.

ಮೆಸೇಜ್ ಹೇಗೆ ಬರೆಯಬೇಕು ಅಂತ ತುಂಬಾ ಜನ ಕೇಳುತ್ತೀರಿ. ನಮ್ಮ ಕಚೇರಿಗೆ ಬಂದ ಇನ್ನೊಂದನ್ನು ಓದುತ್ತೇನೆ, ಲಿಂಗಸುಗೂರಿನ ಹುಡುಗಿ ಬರೆದದ್ದು: 'ಮೇಡಂ, ನೀವು ಕುಷ್ಟಗಿಯಲ್ಲಿ ಮಾಡಿದ ಮನೆಯ ಫೋಟೊದಲ್ಲಿ ಪಶ್ಚಿಮದ ಗೋಡೆಯ ಮೇಲೆ ಕಲ್ಲಿನ ಚಾಚು ನೋಡಿದೆ. ಅದರ ಉದ್ದ ಎಷ್ಟು? ನಮ್ಮೂರಿನಲ್ಲಿ ಸಂಜೆ ಬಿಸಿಲು ಇನ್ನೂ ಕೆಳಗೆ ಬರುತ್ತೆ, ಅದಕ್ಕೆ ನಾನು ಹೀಗೆ ಬರೆದಿದ್ದೇನೆ.' ಜೊತೆಗೆ ಒಂದೇ ಒಂದು ಸ್ಕೆಚ್. ಕೆಲಸ ಕೇಳಲಿಲ್ಲ. ನಾನು ಅವತ್ತೇ ಉತ್ತರ ಬರೆದೆ, ಯಾಕಂದರೆ ಅವಳು ನೋಡಿದ್ದಳು. ಆ ಗೋಡೆಯನ್ನು ಅಷ್ಟು ಹತ್ತಿರದಿಂದ ಅದರ ಮಾಲೀಕರೂ ನೋಡಿಲ್ಲ. ಅವಳು ಇನ್ನೊಂದು ಕೆಲಸ ಮಾಡಿದಳು, ಅದನ್ನು ನೂರರಲ್ಲಿ ಐದು ಜನವೂ ಮಾಡೋದಿಲ್ಲ. ಮೂರು ತಿಂಗಳ ನಂತರ ತಾನಾಗಿ ಬರೆದಳು: 'ನೀವು ಹೇಳಿದ ಹಾಗೆ ಚಾಚನ್ನು ಒಂಬತ್ತು ಇಂಚು ಉದ್ದ ಮಾಡಿದೆ, ಐದು ಗಂಟೆಯ ಬಿಸಿಲು ನಿಂತಿತು, ಆದರೆ ಮಳೆ ನೀರು ಕಿಟಕಿಯ ಮೇಲೆ ಹನಿಯುತ್ತೆ.' ಸಲಹೆ ಕೊಟ್ಟವರಿಗೆ ಅದರಿಂದ ಏನಾಯಿತು ಅಂತ ತಿಳಿಸಿ. ಕೆಟ್ಟದ್ದಾದರೂ ತಿಳಿಸಿ. ಅವಳ ಆ ಎರಡನೇ ಪತ್ರದಿಂದ ನಾನು ಚಾಚಿನ ಅಂಚಿನ ಕೆಳಗೆ ನೀರು ಮುರಿಯೋ ಗೀರು ಹಾಕೋದನ್ನು ಮರೆಯದೆ ಡ್ರಾಯಿಂಗ್‌ನಲ್ಲಿ ತೋರಿಸಲು ಶುರು ಮಾಡಿದೆ.

ಪೋರ್ಟ್‌ಫೋಲಿಯೊ ಬಗ್ಗೆ ಹೆಚ್ಚು ಹೇಳೋದಿಲ್ಲ. ಹದಿನೈದು ಪುಟ ಸಾಕು, 10 ಎಂಬಿ ದಾಟಬಾರದು, ಫೈಲಿಗೆ 'ಫೈನಲ್ ಫೈನಲ್ 2' ಅಂತ ಅಲ್ಲದೆ ನಿಮ್ಮ ಹೆಸರಿಡಿ. ಬಿಹ್ಯಾನ್ಸ್, ಇನ್‌ಸ್ಟಾಗ್ರಾಮ್, ಲಿಂಕ್ಡ್‌ಇನ್ ಯಾವುದು ಅನ್ನೋದು ಮುಖ್ಯವಲ್ಲ. ಒಂದನ್ನು ಹಿಡಿದು ಎರಡು ವರ್ಷ ಬಿಡದೆ ಮಾಡಿ.

ಕೆಟ್ಟದ್ದನ್ನೂ ತಿಳಿಸಿ ಅಂದೆನಲ್ಲ, ಸಿಂಧನೂರಿನ ನನ್ನ ಕಿರಿಯ ಗೆಳತಿಯ ವಿಷಯ ಹೇಳಲೇಬೇಕು. ಅಲ್ಲಿನ ಎರೆ ಭೂಮಿ ನಿಮಗೆ ಗೊತ್ತು. ಮಳೆಗೆ ನೀರು ಕುಡಿದು ಉಬ್ಬುತ್ತೆ, ಬೇಸಿಗೆಗೆ ಒಣಗಿ ಬಾಯಿ ಬಿಡುತ್ತೆ, ಮೇಲಿನ ಮನೆ ಅದರ ಜೊತೆ ಏರಿಳಿಯುತ್ತೆ. ಅವಳು ಕಟ್ಟಿಸಿದ ಮೊದಲ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿತು. ಬೇರೆ ಯಾರಾದರೂ ಆಗಿದ್ದರೆ ಪುಟ್ಟಿ ಹಚ್ಚಿ ಮುಚ್ಚುತ್ತಿದ್ದರು. ಅವಳು ಮಾಲೀಕರನ್ನು ಒಪ್ಪಿಸಿ, ಬಿರುಕಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೆಬ್ರವರಿಯಲ್ಲಿ, ಮೇ ತಿಂಗಳಲ್ಲಿ, ಸೆಪ್ಟೆಂಬರ್‌ನಲ್ಲಿ ಫೋಟೊ ತೆಗೆದಳು. ಬೇಸಿಗೆಯಲ್ಲಿ ಅಗಲ, ಮಳೆಯ ನಂತರ ಕಿರಿದು. 'ನಾನು ಪಾಯದಲ್ಲಿ ತಪ್ಪು ಮಾಡಿದ್ದೇನೆ, ಹೀಗಾಗಿದೆ' ಅಂತ ಬರೆದು ಮೂರನ್ನೂ ಹಾಕಿದಳು. ಅದಕ್ಕೆ ಎಷ್ಟು ಎದೆ ಬೇಕು ಯೋಚಿಸಿ. ಮಣ್ಣಿನ ವಿಷಯ ಕಲಿಸುವ ಬೇರೆ ರಾಜ್ಯದ ಮೇಷ್ಟ್ರೊಬ್ಬರು ಅದನ್ನು ನೋಡಿ ಬರೆದರು. ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಇಳಿಯೋ, ತಳದಲ್ಲಿ ಗಡಿಗೆಯ ಹಾಗೆ ಉಬ್ಬಿರೋ ಕಾಂಕ್ರೀಟ್ ಕಂಬದ ಬಗ್ಗೆ ತಿಳಿಸಿಕೊಟ್ಟರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮಂಥ ನೆಲಕ್ಕಾಗಿಯೇ ಅಭಿವೃದ್ಧಿ ಮಾಡಿದ್ದು ಅದು. ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ, ಅಂದರೆ ಮಳೆ ಬಿಸಿಲಿಗೆ ಮಣ್ಣು ಕದಲದ ಮಟ್ಟಕ್ಕೆ, ಮನೆಯ ಭಾರವನ್ನು ಇಳಿಸುತ್ತೆ. ಅವಳ ಎರಡನೇ ಮನೆಯ ಪಾಯದ ಲೆಕ್ಕವನ್ನು ಆ ಮೇಷ್ಟ್ರೇ ನೋಡಿಕೊಟ್ಟರು. ಈಗ ಸುತ್ತಲಿನ ಎಂಜಿನಿಯರುಗಳೇ ಎರೆ ನೆಲದ ಸೈಟ್ ಬಂದರೆ ಅವಳಿಗೆ ಫೋನ್ ಮಾಡುತ್ತಾರೆ.

ಇನ್ನು ಹೆಸರಿನ ವಿಷಯ. ಇದು ನನ್ನನ್ನು ಬಹಳ ನೋಯಿಸಿದ ಸಂಗತಿ, ಸ್ವಲ್ಪ ನಿಂತು ಹೇಳುತ್ತೇನೆ. ನಾನು ಮೊದಲು ಕೆಲಸ ಮಾಡಿದ ಕಚೇರಿಯಲ್ಲಿ ಒಂದು ಮೆಟ್ಟಿಲಿನ ಡೀಟೇಲ್‌ಗೆ ಐದು ವಾರ ಕೂತಿದ್ದೆ. ಅದು ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಯಾರ ಹೆಸರೂ ಇರಲಿಲ್ಲ. ಆ ನೋವು ಗೊತ್ತಿದ್ದ ನಾನೇ, ಕಚೇರಿ ತೆರೆದ ಮೂರನೇ ವರ್ಷ, ಒಂದು ಶಾಲೆಯ ಕೆಲಸದ ಚಿತ್ರ ಹಾಕುವಾಗ ಟ್ರೈನಿಂಗ್‌ಗೆ ಬಂದಿದ್ದ ಹುಡುಗಿಯ ಹೆಸರು ಬಿಟ್ಟೆ. ಕಿಟಕಿಗಳ ವಿನ್ಯಾಸ ಪೂರ್ತಿ ಅವಳದು. ಅವಳು ಏನೂ ಅನ್ನಲಿಲ್ಲ, ಟ್ರೈನಿಂಗ್ ಮುಗಿಸಿ ಹೋದಳು. ಎರಡು ವರ್ಷ ಆದ ಮೇಲೆ ಹಳೆಯದನ್ನು ತೆಗೆದು ಅವಳ ಹೆಸರು ಸೇರಿಸಿ ಮತ್ತೆ ಹಾಕಿದೆ. ತಡವಾಗಿತ್ತು.

ಇಲ್ಲಿಂದ ದೂರವೇನಲ್ಲ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಶೋಕನ ಶಾಸನ ಇದೆ. ಅದರ ಕೊನೆಯಲ್ಲಿ ಬರೆದವನ ಹೆಸರು ಇದೆ: ಚಪಡ. ಲಿಪಿಕಾರ ಚಪಡ ಬರೆದದ್ದು ಅಂತ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ, ಆದರೆ 'ಲಿಪಿಕಾರ' ಅನ್ನೋದನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಇನ್ನೂ ಸ್ವಾರಸ್ಯ ಏನಂದರೆ, ಹೆಚ್ಚಿನ ಶಾಸನಗಳಲ್ಲಿ ರಾಜನ ಹೆಸರೇ ಇಲ್ಲ, 'ದೇವಾನಂಪಿಯ' ಅನ್ನೋ ಬಿರುದು ಮಾತ್ರ. ಅಶೋಕ ಅಂತ ಹೆಸರು ಹೇಳೋ ಶಾಸನ 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತು. ಈ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರಿದೆ. ಬ್ರಹ್ಮಗಿರಿಯಲ್ಲಿ ಚಕ್ರವರ್ತಿಯ ಹೆಸರಿಲ್ಲ, ಡ್ರಾಫ್ಟ್ಸ್‌ಮನ್‌ನ ಹೆಸರಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಚಪಡ ತಾನು ಮಾಡಿದ್ದು ಇಷ್ಟು ಅಂತ ಹೇಳಿದ: ಬರೆದದ್ದು. ಆಜ್ಞೆ ನನ್ನದು ಅನ್ನಲಿಲ್ಲ. ನೀವೂ ಹಾಗೇ ಬರೆಯಿರಿ. 'ವಿನ್ಯಾಸ ಇಂಥ ಕಚೇರಿಯದು, ವರ್ಕಿಂಗ್ ಡ್ರಾಯಿಂಗ್ ನನ್ನದು, ಕಲ್ಲಿನ ಕೆಲಸ ಇಂಥವರದು.' ಹಾಕೋ ಮುಂಚೆ ಕಚೇರಿಯನ್ನು ಕೇಳಿ. ನಿಮ್ಮ ಪಾಲನ್ನು ಸರಿಯಾಗಿ ಹೇಳಿದರೆ ಓದುವ ಹಿರಿಯರಿಗೆ ನಂಬಿಕೆ ಬರುತ್ತೆ, ಎಲ್ಲ ನನ್ನದೇ ಅಂದರೆ ಯಾವುದನ್ನೂ ನಂಬೋದಿಲ್ಲ.

ಹಾಗೇ ಮಾಲೀಕರನ್ನೂ ಕೇಳಿ. ರಾಯಚೂರಿನ ವ್ಯಾಪಾರಸ್ಥರೊಬ್ಬರ ಮನೆಯ ಪ್ಲ್ಯಾನನ್ನು ನಾನು ಹೆಮ್ಮೆಯಿಂದ ಹಾಕಿದ್ದೆ. ಬೆಳಿಗ್ಗೆ ಆರಕ್ಕೆ ಅವರ ಫೋನ್. 'ತಿಜೋರಿ ಕೋಣೆ ಎಲ್ಲಿ ಅದ ಅಂತ ಊರಿಗೆಲ್ಲ ತೋರಿಸೀರಲ್ಲ ಮೇಡಂ.' ಸಿಟ್ಟಿಗಿಂತ ಅವರ ದನಿಯಲ್ಲಿದ್ದ ಭಯ ನನಗೆ ಇನ್ನೂ ಕೇಳಿಸುತ್ತೆ. ಅಂದಿನಿಂದ ಒಪ್ಪಂದದಲ್ಲೇ ಏನು ತೋರಿಸಬಹುದು, ಏನು ಕೂಡದು ಅಂತ ಒಂದು ಸಾಲು ಸೇರಿಸಿದ್ದೇನೆ.

ನಿಯಮದ ಮಾತೂ ಒಂದಿದೆ. 1989ರ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ ಆರ್ಕಿಟೆಕ್ಟ್ ತನ್ನ ಸೇವೆಯ ಜಾಹೀರಾತು ಕೊಡುವಂತಿಲ್ಲ. ಕಟ್ಟಡದ ಮುಂದೆ ಹೆಸರು ಹಾಕಬಹುದು, ಅಕ್ಷರ 10 ಸೆಂಟಿಮೀಟರ್ ಎತ್ತರ ಮೀರಬಾರದು. ಮಾಡಿದ ಕೆಲಸದ ಚಿತ್ರ, ವಿವರಣೆ ಮಾಧ್ಯಮದಲ್ಲಿ ನಿಮ್ಮ ಹೆಸರಿನೊಂದಿಗೆ ಬರಬಹುದು, ಅದಕ್ಕೆ ದುಡ್ಡು ಕೊಡುವಂತಿಲ್ಲ. ದುಡ್ಡು ಕಟ್ಟಿ ಪೋಸ್ಟ್ ಬೂಸ್ಟ್ ಮಾಡೋದು ಇದರೊಳಗೇ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ, ನಾನು ಮಾಡೋದಿಲ್ಲ. ಬೇರೆ ಆರ್ಕಿಟೆಕ್ಟ್ ಕೈಯಲ್ಲಿರೋ ಕೆಲಸಕ್ಕೆ ಕೈ ಹಾಕೋದೂ ನಿಷಿದ್ಧ. ಇನ್‌ಬಾಕ್ಸ್‌ನಲ್ಲಿ 'ಅವರಿಗಿಂತ ಕಡಿಮೆಗೆ ಮಾಡಿಕೊಡ್ತೀನಿ' ಅಂತ ಬರೆಯೋ ಚಟ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ.

ಕೊನೆಗೊಂದು ವಿಷಯ, ಭಾಷೆ. ಆನ್‌ಲೈನ್ ಬಳಗ ಅಂದರೆ ಬೆಂಗಳೂರು, ಅಹಮದಾಬಾದ್ ಅಷ್ಟೇ ಅಲ್ಲ. ಗಂಗಾವತಿ ಕಡೆ ನನಗೆ ಗೊತ್ತಿರೋ ಒಬ್ಬ ಮೇಸ್ತ್ರಿ ಇದ್ದಾರೆ. ಸ್ಲ್ಯಾಬ್ ಹಾಕೋ ಹಿಂದಿನ ದಿನ ಸರಳು ಕಟ್ಟಿದ ಫೋಟೊವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಕಾಂಕ್ರೀಟ್ ಮುಚ್ಚಿದ ಮೇಲೆ ಒಳಗೇನಿದೆ ಅಂತ ಯಾರಿಗೂ ಕಾಣೋದಿಲ್ಲ, ಅದಕ್ಕೇ ಮುಂಚೆ ತೋರಿಸ್ತೀನಿ ಅನ್ನುತ್ತಾರೆ. ಕಾರಟಗಿವರೆಗೂ ಅವರಿಗೆ ಕೆಲಸ ಇದೆ. ಅವರು ನನ್ನ ಪೋಸ್ಟ್ ಓದಬೇಕು ಅಂದರೆ ನಾನು ಕನ್ನಡದಲ್ಲಿ ಬರೆಯಬೇಕು. ಹಾಗೆ ಬರೆಯೋಕೆ ಶುರು ಮಾಡಿದ ಮೇಲೆ ಕಲ್ಲಿನ ಕ್ವಾರಿಯವರು, ಬಡಗಿಗಳು, ಪಂಚಾಯಿತಿಯ ಕಿರಿಯ ಎಂಜಿನಿಯರುಗಳು ಪ್ರಶ್ನೆ ಕೇಳತೊಡಗಿದರು. ನನ್ನ ಈಗಿನ ಕೆಲಸಗಳಲ್ಲಿ ಅರ್ಧ ಬಂದದ್ದು ಅವರ ಬಾಯಿಂದ.

ಮಾತು ಮುಗಿದ ಮೇಲೆ ಸಿರುಗುಪ್ಪದ ಒಬ್ಬ ಹುಡುಗ ಎದ್ದು ನಿಂತ. ತೋರಿಸೋಕೆ ನನ್ನ ಹತ್ತಿರ ಕೆಲಸವೇ ಇಲ್ಲ, ಅಜ್ಜಿಯ ಮನೆಯೂ ಇಲ್ಲ, ನಾವಿರೋದು ಬಾಡಿಗೆ ಮನೆಯಲ್ಲಿ ಅಂದ. ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದೆ. ಅಕ್ಕಿ ಗಿರಣಿಯಲ್ಲಿ ಹಮಾಲಿ. ಗೋಡೌನಿನಲ್ಲಿ ಚೀಲ ಹೇಗೆ ಜೋಡಿಸುತ್ತಾರೆ, ನೀನು ನೋಡಿದ್ದೀಯಾ?

'ಗೋಡೆಗೆ ತಾಗಿಸಂಗಿಲ್ರಿ ಮೇಡಂ. ಎರಡು ಅಡಿ ಬಿಡಬೇಕ್ರಿ, ಇಲ್ಲಾಂದ್ರೆ ತೇವ ಹಿಡೀತೈತ್ರಿ. ಕೆಳಗೆ ಹಲಗೆ ಹಾಕ್ತಾರ್ರಿ. ಒಂದು ಸಾಲು ಅಡ್ಡ, ಒಂದು ಸಾಲು ಉದ್ದ, ಜಾರಬಾರದು ಅಂತ. ಬಾಗಿಲು ಎಷ್ಟು ಅಗಲ ಅಂದ್ರೆ, ತಲೆ ಮ್ಯಾಗೆ ಚೀಲ ಹೊತ್ಕೊಂಡು ಇಬ್ಬರು ಎದುರುಬದುರು ದಾಟಬೇಕ್ರಿ.'

ಮುಂದೆ ಕರೆದು ಪೆನ್ಸಿಲ್ ಕೊಟ್ಟೆ. ಗೋಡೆ, ಎರಡು ಅಡಿ, ಹಲಗೆ, ಚೀಲದ ಸಾಲು, ಬಾಗಿಲಲ್ಲಿ ಎದುರುಬದುರು ಇಬ್ಬರು, ಎಲ್ಲ ಬರೆದ. ಕೆಳಗೆ ಹೆಸರು ಹಾಕು ಅಂದೆ. ತನ್ನದು ಬರೆದು ಸ್ವಲ್ಪ ಹೊತ್ತು ನಿಂತ, ಆಮೇಲೆ 'ಮಾಹಿತಿ' ಅಂತ ಬರೆದು ಅದರ ಮುಂದೆ ಅಪ್ಪನ ಹೆಸರು ಬರೆದ.